ಮಂಜು ಏಳುವ ಮೊದಲು ನೀಹಾರಿಕೆ

ನೀಹಾರ ಅಂದರೆ ಮಂಜು. ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡ ಆಕಾಶದಲ್ಲಿ ಮಂಜಿನ ಚೂರೊಂದು ಅಂಟಿಕೊಂಡ ಹಾಗೆ ಕಾಣುವುದಕ್ಕೆ ನೀಹಾರಿಕೆ ಎಂಬ ಹೆಸರು ಬಂತು. ಮಲೆನಾಡಿನಲ್ಲಿ ಕೂತು ಅದನ್ನು ನೋಡುವವರಿಗೆ ಎರಡು ಮಂಜಿನ ಪರಿಚಯವೂ ಒಟ್ಟಿಗೇ ಆಗುತ್ತದೆ. ಮೇಲಿನದನ್ನು ನೋಡಬೇಕಾದರೆ ಕೆಳಗಿನದು ಏಳುವುದರೊಳಗೆ ನೋಡಿ ಮುಗಿಸಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಸುತ್ತಮುತ್ತ ಕತ್ತಲೆಗೆ ಬರವಿಲ್ಲ, ಬರ ಇರುವುದು ಒಣ ಹವೆಗೆ. ಹಾಗಾಗಿ ಯಾವ ಟೆಲಿಸ್ಕೋಪ್ ತಗೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಗೋಡೆ ಮೇಲಿನ ಪಂಚಾಂಗ ನೋಡಿ ಎಂದು. ಸರಿಯಾದ ವಾರ, ಸರಿಯಾದ ಗಂಟೆ ಹಿಡಿದು 10×50 ಬೈನಾಕ್ಯುಲರ್‌ನಲ್ಲಿ ಕಾಣುವಷ್ಟು, ಮಂಜು ತುಂಬಿದ ಹೊತ್ತಿನಲ್ಲಿ 8 ಇಂಚಿನ ಟೆಲಿಸ್ಕೋಪಿನಲ್ಲೂ ಕಾಣುವುದಿಲ್ಲ.

ಮೊದಲ ಸಲ ನೋಡುವವರು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆಯಿಂದಲೇ ಶುರು ಮಾಡಬೇಕು. ಎಂ42 ಅಂತಲೂ ಅದನ್ನು ಕರೆಯುತ್ತಾರೆ. ಮಳೆ ನಕ್ಷತ್ರದ ಲೆಕ್ಕ ಗೊತ್ತಿರುವ ಮನೆಗಳಲ್ಲಿ ಅದರ ವಿಳಾಸ ಆಗಲೇ ಗೊತ್ತಿದೆ. ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಮೃಗಶಿರಾ ಮಳೆ, ಅದಾದ ಮೇಲೆ ಆರದೇ ಹೊಯ್ಯುವ ಆರಿದ್ರಾ ಮಳೆ. ಆಗ ಸೂರ್ಯ ಆಕಾಶದ ಆ ಭಾಗದಲ್ಲಿ ಇರುತ್ತಾನೆ, ಅದಕ್ಕೇ ಮಳೆಗೆ ಆ ಹೆಸರು. ಆರು ತಿಂಗಳು ಕಳೆದು ಸೂರ್ಯ ಎದುರು ಬದಿಗೆ ಹೋದಾಗ ಅದೇ ಮೃಗಶಿರ, ಅದೇ ಆರಿದ್ರೆ ನಡುರಾತ್ರಿ ತಲೆಯ ಮೇಲೆ ಬರುತ್ತವೆ. ಕೆಂಪಗೆ ಹೊಳೆಯುವ ಆರಿದ್ರೆಯೇ ಮಹಾವ್ಯಾಧನ ಒಂದು ಭುಜ.

ಈಗ ಗಂಟೆಯ ಲೆಕ್ಕ. ಶಿವಮೊಗ್ಗದಿಂದ ನೋಡಿದರೆ ಈ ನೀಹಾರಿಕೆ ದಕ್ಷಿಣ ದಿಕ್ಕಿನಲ್ಲಿ ಸುಮಾರು 71 ಡಿಗ್ರಿ ಎತ್ತರಕ್ಕೆ ಏರುತ್ತದೆ. ಹೆಚ್ಚುಕಡಿಮೆ ನೆತ್ತಿಯೇ. ಅಷ್ಟು ಎತ್ತರಕ್ಕೆ ಬರುವುದು ಡಿಸೆಂಬರ್ ಮಧ್ಯದಲ್ಲಿ ರಾತ್ರಿ 12.30ರ ಸುಮಾರಿಗೆ, ಜನವರಿ ಮಧ್ಯದಲ್ಲಿ 10.25ಕ್ಕೆ, ಫೆಬ್ರವರಿ ಮಧ್ಯದಲ್ಲಿ 8.25ಕ್ಕೆ. ದಿನಕ್ಕೆ 4 ನಿಮಿಷ ಬೇಗ. ಡಿಸೆಂಬರ್ ಚಳಿಯಲ್ಲಿ ತೋಟದ ತಗ್ಗಿನಲ್ಲಿ ಹನ್ನೆರಡಕ್ಕೆಲ್ಲ ಮಂಜು ಕೂರಲು ಶುರುವಾಗಿರುತ್ತದೆ, ಅಡಿಕೆ ಬೇಯಿಸುವ ಒಲೆಯ ಹೊಗೆಯೂ ಮೇಲೇರದೆ ಅಲ್ಲೇ ಹಾಸಿಕೊಂಡಿರುತ್ತದೆ. ಜನವರಿ ಎರಡನೇ ವಾರದಿಂದ ಫೆಬ್ರವರಿ ಕೊನೆಯವರೆಗೆ ಸಂಜೆ 8ರಿಂದ 10.30ರ ಒಳಗೆ ನೋಡುವುದು ನಮಗೆ ಹೇಳಿ ಮಾಡಿಸಿದ ಸಮಯ. ಮಾರ್ಚ್ ಬಂದರೆ ಒಣ ಹುಲ್ಲಿಗೆ, ತರಗೆಲೆಗೆ ಬಿದ್ದ ಬೆಂಕಿಯ ಹೊಗೆಯಿಂದ ಆಕಾಶ ಮಸುಕಾಗುತ್ತದೆ.

ಚಂದ್ರನ ಲೆಕ್ಕವನ್ನು ತಿಥಿಯಲ್ಲೇ ಇಟ್ಟುಕೊಳ್ಳುವುದು ಸುಲಭ. ಹುಣ್ಣಿಮೆಯ ದಿನ ಸೂರ್ಯ ಮುಳುಗುವಾಗ ಚಂದ್ರ ಹುಟ್ಟುತ್ತಾನೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಬಹುಳ ಷಷ್ಠಿಗೆ ಹುಟ್ಟುವುದು 11 ಗಂಟೆಯ ಹೊತ್ತಿಗೆ. ಅಂದರೆ ಬಹುಳ ಷಷ್ಠಿಯಿಂದ ಅಮಾವಾಸ್ಯೆ ದಾಟಿ ಶುದ್ಧ ತದಿಗೆಯವರೆಗೆ, ಹದಿಮೂರು ದಿನ, ಸಂಜೆಯ ಆಕಾಶ ನಿಮ್ಮದು. ಉಳಿದ ದಿನ ಚಂದ್ರನನ್ನೇ ನೋಡಿ, ನೀಹಾರಿಕೆ ಹುಡುಕಿ ನಿರಾಶರಾಗಬೇಡಿ.

ಜಾಗ ಎಲ್ಲಿ? ತೋಟದ ಮನೆ ಸಾಮಾನ್ಯವಾಗಿ ಕಣಿವೆಯಲ್ಲಿ ಇರುತ್ತದೆ, ತಂಪು ಗಾಳಿ ಇಳಿದು ಸೇರುವುದೂ ಅಲ್ಲಿಗೇ. ಮನೆಯಿಂದ ಮೂವತ್ತು ನಲವತ್ತು ಅಡಿ ಎತ್ತರದ ಬ್ಯಾಣಕ್ಕೆ, ಅಂದರೆ ಹುಲ್ಲುಗುಡ್ಡಕ್ಕೆ, ಹತ್ತಿದರೆ ಮಂಜು ಕಾಲ ಕೆಳಗೆ ಉಳಿಯುವುದುಂಟು, ಒಂದು ಗಂಟೆ ಹೆಚ್ಚಿಗೆ ಸಿಗುತ್ತದೆ. ಕೊಯ್ಲು ಮುಗಿದ ಗದ್ದೆ ಬಯಲು ನೋಡಲು ವಿಶಾಲ, ಆದರೆ ಅದರ ನೆಲದಲ್ಲಿ ನೀರಿನಂಶ ಇನ್ನೂ ಇರುತ್ತದೆ. ಅಡಿಕೆ ಒಣಗಿಸುವ ಅಂಗಳ ಒಳ್ಳೆಯದು. ಅಡಿಕೆ ದಬ್ಬೆಯ ಅಟ್ಟ ಮಾತ್ರ ಬೇಡ: ಅದರ ಮೇಲೆ ಒಬ್ಬರು ಕಾಲು ಬದಲಿಸಿದರೂ ಟೆಲಿಸ್ಕೋಪಿನಲ್ಲಿ ನಕ್ಷತ್ರ ಕುಣಿಯುತ್ತದೆ. ಕಾಡಿನ ಅಂಚಿನ ಗುಡ್ಡಗಳಿಗೆ ರಾತ್ರಿ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಇರಲಿ, ಕಾಟಿ (ಕಾಡುಕೋಣ) ಮತ್ತು ಹಾವಿನ ಎಚ್ಚರವೂ ಇರಲಿ, ಗಮ್‌ಬೂಟು ಹಾಕಿಕೊಳ್ಳಿ.

ಹುಡುಕುವ ಬಗೆ ಹೀಗೆ. ಸಾಲಾಗಿ, ಸಮ ಅಂತರದಲ್ಲಿ ನಿಂತ ಮೂರು ನಕ್ಷತ್ರ ಮಹಾವ್ಯಾಧನ ನಡುಪಟ್ಟಿ. ಅದಕ್ಕೆ ತೂಗುಬಿದ್ದ ಕತ್ತಿಯಂತೆ ಇನ್ನೊಂದು ಮಸುಕಾದ ಸಾಲು. ನಡುಪಟ್ಟಿಯ ಮಧ್ಯದ ನಕ್ಷತ್ರದಿಂದ ಕತ್ತಿಯ ನಡುಭಾಗಕ್ಕೆ 4 ಡಿಗ್ರಿ ಚಿಲ್ಲರೆ. ಕೈ ಪೂರ್ತಿ ಚಾಚಿ ಮೂರು ಬೆರಳು ಸೇರಿಸಿ ಹಿಡಿದರೆ 5 ಡಿಗ್ರಿ, ಅದಕ್ಕಿಂತ ಸ್ವಲ್ಪ ಕಡಿಮೆ. ಕತ್ತಿಯ ನಡುವಿನ ಚುಕ್ಕಿ ಉಳಿದವುಗಳಂತೆ ಚೂಪಾಗಿರುವುದಿಲ್ಲ. ಕನ್ನಡಕದ ಮೇಲೆ ಉಸಿರು ಬಿಟ್ಟು ದೀಪ ನೋಡಿದ ಹಾಗೆ ಇರುತ್ತದೆ. ಅದೇ.

ಹೊಸಬರು ಎಡವುವುದು 'ಕೆಳಗೆ' ಎಂಬ ಮಾತಿನಲ್ಲಿ. ಪುಸ್ತಕದ ಚಿತ್ರಗಳಲ್ಲಿ ಕತ್ತಿ ನಡುಪಟ್ಟಿಯ ಕೆಳಗೆ ನೇತಾಡುತ್ತದೆ. ನಮ್ಮಲ್ಲಿ ಮಹಾವ್ಯಾಧ ಪೂರ್ವದಲ್ಲಿ ಮಲಗಿಕೊಂಡೇ ಹುಟ್ಟುತ್ತಾನೆ: ನಡುಪಟ್ಟಿ ನೆಟ್ಟಗೆ ಕಂಬದಂತೆ ನಿಂತಿರುತ್ತದೆ, ಕತ್ತಿ ಅದರ ಬಲಕ್ಕೆ ಇರುತ್ತದೆ. ನೆತ್ತಿಗೆ ಬಂದಾಗ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಕತ್ತಿ ಕೆಳಗೆ. ಪಶ್ಚಿಮದಲ್ಲಿ ಮುಳುಗುವಾಗ ಎಡಕ್ಕೆ. ಮೂರೂ ಹೊತ್ತಿನಲ್ಲಿ ಅದು ಇರುವುದು ನಡುಪಟ್ಟಿಯ ದಕ್ಷಿಣಕ್ಕೇ. ದಿಕ್ಕು ಹಿಡಿದು ಹುಡುಕಿದರೆ ಗೊಂದಲವಿಲ್ಲ.

ಕಣ್ಣನ್ನು ತಯಾರು ಮಾಡುವುದಕ್ಕೆ ಅರ್ಧ ಗಂಟೆ ಬೇಕು. ಕತ್ತಲೆಗೆ ಹೊಂದಿಕೊಳ್ಳುವುದು ಪಾಪೆ ಹಿಗ್ಗಿದಷ್ಟಕ್ಕೆ ಮುಗಿಯುವುದಿಲ್ಲ. ಅಕ್ಷಿಪಟಲದ ಸರಳು ಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಬೇಕು, ಅದಕ್ಕೆ 20ರಿಂದ 30 ನಿಮಿಷ ಹಿಡಿಯುತ್ತದೆ. ಮೊಬೈಲ್ ಪರದೆ ಒಮ್ಮೆ ಮಿನುಗಿದರೆ ಆ ಅರ್ಧ ಗಂಟೆ ಹೋಯಿತು. ನಕ್ಷತ್ರ ನಕ್ಷೆಯ ಆ್ಯಪ್ ಬಳಸುವುದಾದರೆ ಕೆಂಪು ಪರದೆಗೆ ಹಾಕಿಕೊಳ್ಳಿ, ಟಾರ್ಚಿನ ಗಾಜಿಗೆ ಕೆಂಪು ಗಾಜುಕಾಗದ ಎರಡು ಮಡಿಕೆ ಸುತ್ತಿ. ಅಂಗಳದ ಎಲ್‌ಇಡಿ ಬಲ್ಬು ಆರಿಸಿ ಎಂದು ಮನೆಯವರಿಗೆ ಮೊದಲೇ ಹೇಳಿಡುವುದು ಇವೆಲ್ಲಕ್ಕಿಂತ ಮುಖ್ಯ.

ಇನ್ನು ಓರೆನೋಟ. ಮಸುಕಾದ ವಸ್ತುವನ್ನು ದಿಟ್ಟಿಸಿ ನೋಡಿದರೆ ಅದು ಮಾಯವಾಗುತ್ತದೆ, ಏಕೆಂದರೆ ಅಕ್ಷಿಪಟಲದ ನಟ್ಟನಡುವೆ ಸರಳು ಕೋಶಗಳೇ ಇಲ್ಲ. ನೋಟವನ್ನು ಸ್ವಲ್ಪ ಪಕ್ಕಕ್ಕೆ ಇಟ್ಟು ಗಮನವನ್ನು ಮಾತ್ರ ನೀಹಾರಿಕೆಯ ಮೇಲಿಡಿ. ಯಾವ ಪಕ್ಕ ಎಂಬುದಕ್ಕೂ ಲೆಕ್ಕವಿದೆ. ಬಲಗಣ್ಣಿನಲ್ಲಿ ನೋಡುವಾಗ ವಸ್ತುವಿನ ಬಲಕ್ಕೆ ದೃಷ್ಟಿ ನೆಡಬೇಕು, ಆಗ ಅದು ಮೂಗಿನ ಕಡೆಯ ನೋಟಕ್ಕೆ ಬೀಳುತ್ತದೆ. ಎಡಕ್ಕೆ ನೆಟ್ಟರೆ ಅದು ಕುರುಡು ಬಿಂದುವಿನ ಕಡೆ ಸರಿಯುತ್ತದೆ. ಎಡಗಣ್ಣಿಗೆ ಇದು ತಿರುಗುಮುರುಗು. ಟೆಲಿಸ್ಕೋಪಿನ ಕೊಳವೆಯನ್ನು ಬೆರಳತುದಿಯಲ್ಲಿ ಮೆಲ್ಲಗೆ ತಟ್ಟುವುದು ಇನ್ನೊಂದು ಉಪಾಯ. ಚಿತ್ರ ಅಲುಗಿದಾಗ ಅದುವರೆಗೆ ಕಾಣದ ಅಂಚು ತಟ್ಟನೆ ಕಾಣುತ್ತದೆ, ಚಲಿಸುವುದನ್ನು ಕಣ್ಣು ಬೇಗ ಹಿಡಿಯುತ್ತದೆ.

ಬೈನಾಕ್ಯುಲರ್‌ನಲ್ಲಿ ನಡುಪಟ್ಟಿ ಮೇಲಂಚಿಗೆ, ಕತ್ತಿ ಕೆಳಗೆ, ಎರಡೂ ಒಂದೇ ನೋಟದಲ್ಲಿ ಹಿಡಿಸುತ್ತವೆ. ತೊಂದರೆ ಕೈ ನಡುಕದ್ದು. 71 ಡಿಗ್ರಿ ಎತ್ತರಕ್ಕೆ ನಿಂತು ನೋಡಿದರೆ ಎರಡು ನಿಮಿಷಕ್ಕೆ ಕುತ್ತಿಗೆ ಸೋಲುತ್ತದೆ. ಆರಾಮ ಕುರ್ಚಿಯಲ್ಲಿ ಒರಗಿ, ಮೊಣಕೈ ಕುರ್ಚಿಯ ಕೈಗೆ ಊರಿ, ಮೇಲೊಂದು ಕಂಬಳಿ ಹೊದ್ದು ನೋಡಿ. ಬೂದು ಹಕ್ಕಿಯೊಂದು ರೆಕ್ಕೆ ಬಿಚ್ಚಿದಂಥ ಆಕಾರ ನಿಧಾನಕ್ಕೆ ಕಾಣುತ್ತದೆ.

ಟೆಲಿಸ್ಕೋಪ್ ಕೊಳ್ಳುವವರಿಗೆ 130 ಅಥವಾ 150 ಮಿಲಿಮೀಟರ್ ಕನ್ನಡಿಯ ಡಾಬ್ಸೋನಿಯನ್ (ನೆಲದ ಮೇಲಿಡುವ ಸರಳ ಪೀಠದಲ್ಲಿ ತಿರುಗುವ ಟೆಲಿಸ್ಕೋಪ್) ನನ್ನ ಶಿಫಾರಸು. ಪೆಟ್ಟಿಗೆಯ ಮೇಲೆ '525 ಪಟ್ಟು' ಎಂದು ಬರೆದ 60–70 ಮಿ.ಮೀ. ಆಟಿಕೆಗಳ ಹತ್ತಿರ ಹೋಗಬೇಡಿ. ಕನ್ನಡಿಯ ಅಥವಾ ಮಸೂರದ ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ವರ್ಧನೆ ಮಿತಿ. 70 ಮಿ.ಮೀ.ಗೆ 140 ಪಟ್ಟು, ಅದಕ್ಕೆ ಮೇಲೆ ಹೋದರೆ ಕಾಣುವುದು ದೊಡ್ಡ ಮಸುಕು. ನೀಹಾರಿಕೆಗಂತೂ ಕಡಿಮೆ ವರ್ಧನೆಯೇ ಬೇಕು. 1200 ಮಿ.ಮೀ. ಸಂಗಮ ದೂರದ ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 48 ಪಟ್ಟು, ನೋಟದ ಅಗಲ ಸುಮಾರು 1 ಡಿಗ್ರಿ. ಎಂ42 ಎರಡು ಹುಣ್ಣಿಮೆ ಚಂದ್ರನಷ್ಟು ಅಗಲ, ಅಂದರೆ ಅದೂ 1 ಡಿಗ್ರಿ. ಸರಿಯಾಗಿ ತುಂಬಿಕೊಳ್ಳುತ್ತದೆ.

ಗುರಿ ಹಿಡಿಯಲು ಟೆಲಿಸ್ಕೋಪಿನ ಮೇಲಿರುವ ಫೈಂಡರನ್ನು ಹಗಲಿನಲ್ಲೇ ಹೊಂದಿಸಿಡಿ. ಅಡಿಕೆ ಮರದ ತುದಿಗೆ ಗುರಿ ಇಡುವವರುಂಟು, ಅದು ಗಾಳಿಗೆ ತೂಗುತ್ತದೆ. ಒಂದು ಕಿಲೋಮೀಟರಿಗೂ ಆಚೆಯ ಮೊಬೈಲ್ ಟವರ್ ಆದರೆ ಅಲುಗುವುದಿಲ್ಲ. ಸೂರ್ಯನ ಹತ್ತಿರಕ್ಕೂ ತಿರುಗಿಸಬೇಡಿ. ಮನೆಯೊಳಗಿಂದ ತಂದ ಕನ್ನಡಿ ಹೊರಗಿನ ತಂಪಿಗೆ ಇಳಿಯಲು ಮುಕ್ಕಾಲು ಗಂಟೆ ಬೇಕು, ಅಲ್ಲಿಯವರೆಗೆ ಕೊಳವೆಯೊಳಗಿನ ಬೆಚ್ಚಗಿನ ಗಾಳಿ ನಕ್ಷತ್ರವನ್ನು ಕದಡುತ್ತಿರುತ್ತದೆ.

48 ಪಟ್ಟಿನಲ್ಲಿ ನೀಹಾರಿಕೆಯ ಎದೆಯೊಳಗೆ ನಾಲ್ಕು ನಕ್ಷತ್ರ ಒತ್ತೊತ್ತಾಗಿ ಕಾಣುತ್ತವೆ. ಅದು ಟ್ರಪೀಜಿಯಂ. ಅದರಲ್ಲಿ ಅತಿ ಪ್ರಕಾಶದ್ದು ಇಡೀ ಮೋಡವನ್ನು ಬೆಳಗುವ ದೀಪ, ಅದರ ನೇರಳಾತೀತ ಬೆಳಕು ಸುತ್ತಲಿನ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳುತ್ತದೆ. ಗಾಳಿ ನಿಶ್ಚಲವಾಗಿದ್ದರೆ 120 ಪಟ್ಟಿಗೆ ಏರಿಸಿ ಐದನೆಯ, ಆರನೆಯ ನಕ್ಷತ್ರ ಹುಡುಕಿ, 6 ಇಂಚಿನ ಟೆಲಿಸ್ಕೋಪಿಗೆ ಸಿಗುತ್ತವೆ. ಟ್ರಪೀಜಿಯಂ ಕಡೆಗೆ ನುಗ್ಗಿದ ಕಪ್ಪು ಕೊಲ್ಲಿಯನ್ನು ಮೀನಿನ ಬಾಯಿ ಎನ್ನುತ್ತಾರೆ. ಅಲ್ಲಿ ನಕ್ಷತ್ರವಿಲ್ಲ ಎಂದಲ್ಲ, ಧೂಳು ಅಡ್ಡ ನಿಂತಿದೆ. ಅದರಾಚೆ ಒಂಟಿ ನಕ್ಷತ್ರದ ಸುತ್ತ ಇರುವ ಸಣ್ಣ ಮಸುಕು ಎಂ43. ಡಾಬ್ಸೋನಿಯನ್ನಿನಲ್ಲಿ ಚಿತ್ರ ತಲೆಕೆಳಗಾಗಿರುತ್ತದೆ, ನಕ್ಷೆಯನ್ನೂ ತಿರುಗಿಸಿ ಹಿಡಿದುಕೊಳ್ಳಿ. ಐಪೀಸಿಗೆ ಕಣ್ಣಿಟ್ಟು ಕಡೇಪಕ್ಷ 15 ನಿಮಿಷ ಕೂರಿ. ಮೊದಲ ನಿಮಿಷದಲ್ಲಿ ಬರೀ ಬೂದಿ, ಐದನೆಯದರಲ್ಲಿ ರೆಕ್ಕೆ, ಹತ್ತು ಕಳೆದ ಮೇಲೆ ಟ್ರಪೀಜಿಯಂ ಸುತ್ತ ಮೊಸರು ಒಡೆದಂಥ ಗರಣೆ ಗರಣೆ.

ಬಣ್ಣ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಫೋಟೋದ ಗುಲಾಬಿ ಬಣ್ಣ ಹೈಡ್ರೋಜನ್ನಿನದು, 656 ನ್ಯಾನೋಮೀಟರ್ ಕೆಂಪು. ರಾತ್ರಿಯ ಕಣ್ಣಿಗೆ ಆ ಕೆಂಪು ಕಾಣುವುದೇ ಇಲ್ಲ. ಕಾಣುವುದು ನಸು ಹಸಿರು ಬೂದು. ಆ ಹಸಿರಿಗೆ ಒಂದು ಕಥೆ ಇದೆ. 1864ರಲ್ಲಿ ವಿಲಿಯಂ ಹಗಿನ್ಸ್ ನೀಹಾರಿಕೆಯೊಂದರ ರೋಹಿತದಲ್ಲಿ ಹಸಿರು ಗೆರೆ ಕಂಡರು. ಭೂಮಿಯ ಯಾವ ಧಾತುವಿಗೂ ಅದು ಹೊಂದಲಿಲ್ಲ, ನೆಬ್ಯೂಲಿಯಂ ಎಂಬ ಹೊಸ ಧಾತು ಇರಬೇಕೆಂದು ಅರುವತ್ತು ವರ್ಷ ನಂಬಿದರು. 1927ರಲ್ಲಿ ಐರಾ ಬೋವೆನ್ ಬಿಡಿಸಿದರು: ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ, ಪ್ರಯೋಗಾಲಯದ ಸಾಮಾನ್ಯ ನಿರ್ವಾತಕ್ಕಿಂತಲೂ ವಿರಳವಾದ ಅನಿಲದಲ್ಲಷ್ಟೇ ಹಾಗೆ ಹೊಳೆಯುತ್ತದೆ. ನಮ್ಮ ಸರಳು ಕೋಶಗಳು ಹೆಚ್ಚು ಚುರುಕಾಗಿರುವುದೂ ಅದೇ 500 ನ್ಯಾನೋಮೀಟರಿನ ಆಸುಪಾಸಿನಲ್ಲಿ. ನೀಹಾರಿಕೆಗೆ ಮಾರುವ ಯುಎಚ್‌ಸಿ ಫಿಲ್ಟರ್ ಈ ಗೆರೆಗಳನ್ನು ಬಿಟ್ಟು ಉಳಿದ ಬೆಳಕನ್ನು ತಡೆಯುತ್ತದೆ. ಹಳ್ಳಿಯ ಕತ್ತಲಲ್ಲಿ ಅದರ ಗುಣ ಚೆನ್ನಾಗಿ ಕಾಣುತ್ತದೆ. ಪೇಟೆಯ ಬಿಳಿ ಎಲ್‌ಇಡಿ ಬೆಳಕು ಎಲ್ಲ ಬಣ್ಣದಲ್ಲೂ ಹರಡಿರುವುದರಿಂದ ಅಲ್ಲಿ ಫಿಲ್ಟರ್ ಸೋಲುತ್ತದೆ. ದೂರ ಸುಮಾರು 1,340 ಜ್ಯೋತಿರ್ವರ್ಷ. ಈ ರಾತ್ರಿ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ಬಾದಾಮಿ ಚಾಲುಕ್ಯರ ಕಾಲ.

ಇಬ್ಬನಿಯ ವಿಷಯಕ್ಕೆ ಬರೋಣ, ನಮ್ಮ ಕಡೆ ಅರ್ಧ ವಿದ್ಯೆ ಅದೇ. ಮಸೂರ ಆಕಾಶಕ್ಕೆ ತೆರೆದುಕೊಂಡು ತನ್ನ ಶಾಖವನ್ನು ಬಿಟ್ಟುಕೊಡುತ್ತಾ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಒಂದೆರಡು ಡಿಗ್ರಿ ಇಳಿದರೂ ಸಾಕು, ಅದರ ಮೇಲೆ ಹನಿ ಕೂರುತ್ತದೆ. ಹಾಗಾಗಿ ಇಬ್ಬನಿ ಮೇಲಿಂದ ಬೀಳುವುದಲ್ಲ, ಅಲ್ಲೇ ಹುಟ್ಟುವುದು. ಆಕಾಶ ಮರೆಯಾಗುವಂತೆ ಒಂದು ಕೊಳವೆ ತೊಡಿಸಿದರೆ ತಣ್ಣಗಾಗುವುದು ನಿಧಾನವಾಗುತ್ತದೆ. ಉದ್ದ, ಮಸೂರದ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು. 80 ಮಿ.ಮೀ. ಮಸೂರಕ್ಕೆ 120ರಿಂದ 160 ಮಿ.ಮೀ. ಯೋಗ ಮಾಡುವ ಫೋಮ್ ಚಾಪೆ ಕತ್ತರಿಸಿ, ಸುತ್ತಿ, ವೆಲ್ಕ್ರೋ ಹಚ್ಚಿದರೆ ಆಯಿತು, ಒಳಮೈ ಕಪ್ಪಾಗಿರಲಿ. ಅಡಿಕೆ ಹಾಳೆಯನ್ನು ನೆನೆಸಿ ಸುತ್ತಿ ಒಣಗಿಸಿಯೂ ಮಾಡಬಹುದು. ಮೊದಲ ದಿನ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಹಾಳೆ ಇಬ್ಬನಿ ಕುಡಿದು ಮೆತ್ತಗಾಗಿ ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಬೂಸಲು ಹಿಡಿಯುತ್ತದೆ. ಫೋಮೇ ವಾಸಿ.

ಹನಿ ಕೂತೇಬಿಟ್ಟರೆ ಒರೆಸಬೇಡಿ. ಲುಂಗಿಯ ತುದಿ, ಕರ್ಚೀಫು, ಟಿಶ್ಯೂ ಯಾವುದೂ ಬೇಡ. ಧೂಳಿನ ಕಣ ಹನಿಯ ಜೊತೆ ಸೇರಿ ಮಸೂರದ ಲೇಪನವನ್ನು ಗೀಚುತ್ತದೆ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ಒಂದಡಿ ದೂರದಿಂದ ಅರ್ಧ ನಿಮಿಷ ಹಿಡಿದರೆ ಹೋಗುತ್ತದೆ. ಐಪೀಸುಗಳು ಅಂಗಿ ಜೇಬಿನಲ್ಲಿರಲಿ, ಮೈಯ ಬಿಸಿಗೆ ಮಂಜು ಹಿಡಿಯುವುದಿಲ್ಲ. ಐಪೀಸಿನೊಳಕ್ಕೆ ಉಸಿರು ಬಿಡಬೇಡಿ. ಡಾಬ್ಸೋನಿಯನ್ನಿನಲ್ಲಿ ದೊಡ್ಡ ಕನ್ನಡಿ ಕೊಳವೆಯ ಆಳದಲ್ಲಿರುವುದರಿಂದ ತಡೆಯುತ್ತದೆ, ಬಾಯಿಯ ಹತ್ತಿರದ ಸಣ್ಣ ಓರೆಗನ್ನಡಿ ಮೊದಲು ಮಸುಕಾಗುತ್ತದೆ. ನಕ್ಷತ್ರಗಳ ಸುತ್ತ ಪ್ರಭೆ ಕಾಣಲು ಶುರುವಾದರೆ ನೀಹಾರಿಕೆ ಜಾಸ್ತಿಯಾಯಿತೆಂದು ಹಿಗ್ಗಬೇಡಿ, ಗಾಜು ಮಸುಕಾಗಿದೆ.

ಒಳಗೆ ತಂದ ಮೇಲೆ ಮಾಡುವ ತಪ್ಪು ದೊಡ್ಡದು. ಒದ್ದೆ ಟೆಲಿಸ್ಕೋಪಿಗೆ ಮುಚ್ಚಳ ಹಾಕಿ ಚೀಲದಲ್ಲಿಟ್ಟರೆ ಜೂನ್‌ವರೆಗೂ ಕಾಯಬೇಕಿಲ್ಲ, ಅಲ್ಲೇ ಫಂಗಸ್ ಬೇರು ಬಿಡುತ್ತದೆ. ಜೇಡರ ಬಲೆಯಂತೆ ಮಸೂರದ ಒಳಗೆ ಹಬ್ಬಿ, ಲೇಪನವನ್ನೇ ತಿನ್ನುತ್ತದೆ. ಮುಚ್ಚಳ ತೆಗೆದು, ಬಾಯಿ ಸ್ವಲ್ಪ ಕೆಳಮುಖವಾಗಿಟ್ಟು ಬೆಳಗಿನವರೆಗೆ ಆರಲು ಬಿಡಿ. ಮಳೆಗಾಲದ ನಾಲ್ಕು ತಿಂಗಳು ಐಪೀಸು, ಫಿಲ್ಟರು, ಬೈನಾಕ್ಯುಲರ್ ಎಲ್ಲ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ ಇರಬೇಕು. ಜೊತೆಗೆ ಬಂದ ಬಟ್ಟೆಯ ಅಥವಾ ಚರ್ಮದ ಚೀಲ ತೇವ ಹೀರುತ್ತದೆ, ಅದನ್ನು ಡಬ್ಬಿಯೊಳಗೆ ಹಾಕಬೇಡಿ. ಡಬ್ಬಿಯಲ್ಲಿ ಸಣ್ಣ ತೇವಮಾಪಕವೊಂದು ಇರಲಿ, 40ರಿಂದ 50 ಶೇಕಡಾ ತೋರಿಸಿದರೆ ನೆಮ್ಮದಿ. ಮೇಲೇರಿದರೆ ಜೆಲ್ ಒಣಗಿಸುವ ಹೊತ್ತು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡಿಗೆಯ ಬಾಣಲೆಯಲ್ಲಿ ಹುರಿಯಬೇಡಿ, ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಡಬ್ಬಿಯಲ್ಲಿ ಅಕ್ಕಿ ಹಾಕಿಡುವುದು ಉಪಯೋಗಕ್ಕೆ ಬಾರದು, ಮಲೆನಾಡಿನ ಅಕ್ಕಿಯೇ ಮಳೆಗಾಲದಲ್ಲಿ ತೇವವಾಗಿರುತ್ತದೆ.

ಮಹಾವ್ಯಾಧ ಪಶ್ಚಿಮಕ್ಕೆ ಇಳಿದ ಮೇಲೆ ನಮಗೆ ಇನ್ನೊಂದು ಭಾಗ್ಯವಿದೆ, ಯೂರೋಪಿನವರಿಗೆ ಇಲ್ಲದ್ದು. ಕರೀನಾ ನೀಹಾರಿಕೆ. ಅಗಲ ಸುಮಾರು 2 ಡಿಗ್ರಿ, ಎಂ42ರ ಎರಡರಷ್ಟು. ದೂರ ಸುಮಾರು 7,500 ಜ್ಯೋತಿರ್ವರ್ಷ. ಅದರೊಳಗಿನ ಈಟಾ ಕರೀನೇ ಎಂಬ ನಕ್ಷತ್ರ 1843ರಲ್ಲಿ ಉಕ್ಕಿ, ಲುಬ್ಧಕವನ್ನು ಬಿಟ್ಟರೆ ಇಡೀ ಆಕಾಶಕ್ಕೇ ಪ್ರಕಾಶವಾಗಿತ್ತು. ಶಿವಮೊಗ್ಗದಿಂದ ಇದು ದಕ್ಷಿಣ ದಿಗಂತದ ಮೇಲೆ 16 ಡಿಗ್ರಿ ಮಾತ್ರ ಏರುತ್ತದೆ. ಮಾರ್ಚ್ ಮಧ್ಯದಲ್ಲಿ ರಾತ್ರಿ 11.45ಕ್ಕೆ, ಏಪ್ರಿಲ್ ಮಧ್ಯದಲ್ಲಿ 9.40ಕ್ಕೆ. ಅದಕ್ಕೆ ಹಿಂದೆ ಮುಂದೆ ಒಂದೊಂದು ಗಂಟೆ ಸಿಗುತ್ತದೆ, ಅಷ್ಟೇ.

16 ಡಿಗ್ರಿ ಅಂದರೆ ಎಷ್ಟು? 15 ಮೀಟರ್ ಎತ್ತರದ ಅಡಿಕೆ ಮರ 50 ಮೀಟರ್ ದೂರದಲ್ಲಿದ್ದರೆ ಅದರ ಚಂಡೆ ನಿಮ್ಮ ಕಣ್ಣಿಗೆ ಸುಮಾರು 15 ಡಿಗ್ರಿಗೆ ಕಾಣುತ್ತದೆ. ನೀಹಾರಿಕೆ ಸೋಗೆಯೊಳಗೆ ಸಿಕ್ಕಿಹಾಕಿಕೊಂಡಿತು. ತೋಟದಿಂದ 100 ಮೀಟರ್ ಹಿಂದಕ್ಕೆ ಸರಿದರೆ ಅದೇ ಮರ 8 ಡಿಗ್ರಿಗೆ ಇಳಿಯುತ್ತದೆ. ದಕ್ಷಿಣಕ್ಕೆ ಇಳಿಜಾರಾದ ಬ್ಯಾಣವೋ, ಶರಾವತಿ ಹಿನ್ನೀರಿನ ಉತ್ತರ ದಂಡೆಯೋ ಇದ್ದರೆ ಇನ್ನೂ ಒಳ್ಳೆಯದು. ಅಷ್ಟು ಕೆಳಗೆ ನೆತ್ತಿಗಿಂತ ಮೂರೂವರೆ ಪಟ್ಟು ಗಾಳಿಯ ಮೂಲಕ ನೋಡಬೇಕಾಗುವುದರಿಂದ ಬೇಸಿಗೆಯ ಮೊದಲ ಗುಡುಗು ಮಳೆ ಬಿದ್ದು ಧೂಳು ಹೊಗೆ ತೊಳೆದುಹೋದ ರಾತ್ರಿಗೆ ಕಾಯಿರಿ. ಮಿಂಚು ಕಾಣುತ್ತಿದ್ದರೆ ಬಯಲಿಗೆ ಹೋಗಬೇಡಿ.

ಗುರುತಿಗೆ ತ್ರಿಶಂಕು, ದಕ್ಷಿಣ ಆಕಾಶದಲ್ಲಿ ಶಿಲುಬೆಯಂತೆ ಕಾಣುವ ನಾಲ್ಕು ನಕ್ಷತ್ರ. ಅದರಿಂದ ಬಲಕ್ಕೆ, ಅಂದರೆ ಪಶ್ಚಿಮಕ್ಕೆ, ಚಾಚಿದ ಕೈಯ ಒಂದು ಮುಷ್ಟಿ ಮತ್ತು ಎರಡು ಬೆರಳು ಸರಿಯಿರಿ. ಇನ್ನೂ ಬಲಕ್ಕೆ ಹೋದರೆ ಶಿಲುಬೆಯ ಹಾಗೇ ಕಾಣುವ ಇನ್ನೊಂದು ನಾಲ್ಕು ನಕ್ಷತ್ರದ ಗುಂಪಿದೆ. ತ್ರಿಶಂಕುವಿಗಿಂತ ದೊಡ್ಡದು, ಮಸುಕಾದದ್ದು. ಬಹಳ ಜನ ಅದನ್ನೇ ತ್ರಿಶಂಕು ಅಂದುಕೊಂಡು ಅದರ ಪಶ್ಚಿಮಕ್ಕೆ ಹುಡುಕಿ ಸೋಲುತ್ತಾರೆ. ನೀಹಾರಿಕೆ ಇರುವುದು ಆ ಎರಡರ ನಡುವೆ. ಬೈನಾಕ್ಯುಲರ್‌ನಲ್ಲಿ ಕಪ್ಪು ಗೆರೆಯೊಂದು ಬೆಳಕಿನ ಮಚ್ಚೆಯನ್ನು ಸೀಳಿದಂತೆ ಕಂಡರೆ ಸಿಕ್ಕಿತು. ಅದರ ಎಡಕ್ಕೆ 3 ಡಿಗ್ರಿ ದೂರದಲ್ಲಿ ಅಕ್ಕಿ ಚೆಲ್ಲಿದಂಥ ನಕ್ಷತ್ರ ಗುಚ್ಛ ಎನ್‌ಜಿಸಿ 3532, ಅದನ್ನೂ ಬಿಡಬೇಡಿ.

ಧನು ರಾಶಿಯ ಲಗೂನ್ ನೀಹಾರಿಕೆ, ಎಂ8, ನಮ್ಮ ಪಾಲಿಗೆ ಸಂಜೆಯ ವಸ್ತುವಲ್ಲ. ಅದು ನಡುರಾತ್ರಿ ಎತ್ತರದಲ್ಲಿರುವ ಜೂನ್, ಜುಲೈಯಲ್ಲಿ ಆಕಾಶವೇ ಇರುವುದಿಲ್ಲ, ಮಳೆ ಇರುತ್ತದೆ. ಅದಕ್ಕೆ ಏಪ್ರಿಲ್ ಮಧ್ಯದಲ್ಲಿ ಬೆಳಗಿನ ಜಾವ 4 ಗಂಟೆಗೆ ಏಳಬೇಕು. 5ರ ಹೊತ್ತಿಗೆ ಅದು ದಕ್ಷಿಣದಲ್ಲಿ 52 ಡಿಗ್ರಿಗೆ ಬರುತ್ತದೆ, ಆಗಲೇ ಪೂರ್ವ ಬೆಳ್ಳಗಾಗಲು ಶುರು. ವೃಶ್ಚಿಕದ ಕೊಂಡಿ, ಅಂದರೆ ಮೂಲಾ ನಕ್ಷತ್ರದ ಎಡಕ್ಕೆ, ಆಕಾಶಗಂಗೆ ಅತಿ ದಟ್ಟವಾಗಿರುವ ಕಡೆ ಬೈನಾಕ್ಯುಲರನ್ನು ನಿಧಾನಕ್ಕೆ ಮೇಲಕ್ಕೆ ಸರಿಸಿ. ಸಣ್ಣ ನಕ್ಷತ್ರ ಗುಂಪೊಂದಕ್ಕೆ ಮಂಜು ಮೆತ್ತಿದಂತೆ ಕಾಣುವುದೇ ಲಗೂನ್. ಮಳೆಗಾಲ ಮುಗಿದ ಮೇಲೆ ಅಕ್ಟೋಬರ್ ಮಧ್ಯದಲ್ಲಿ ಸಂಜೆ 7.30ಕ್ಕೆ, ಕತ್ತಲಾದ ಕೂಡಲೇ, ನೈಋತ್ಯದಲ್ಲಿ ಇನ್ನೊಮ್ಮೆ ಸಿಗುತ್ತದೆ. ಆಗ ಹುಲ್ಲಿನಲ್ಲಿ ಉಂಬಳ (ಜಿಗಣೆ) ಇನ್ನೂ ಇರುತ್ತವೆ, ಕಾಲಿಗೆ ಸುಣ್ಣ ತಂಬಾಕು ಹಚ್ಚಿಕೊಂಡು ಹೋಗಿ.